ಪಕ್ಕೆಲುಬಿನ ಸಂದಿಯಲ್ಲಿ ಕಿಂಡಿ ಹುಡುಕುವ ಅಕ್ಕ

ಉಸಿರು ಕಟ್ಟುವವರಿಗೆ ಅಂಗಾತ ಮಲಗಿ ಎಂದು ಎಂದೂ ಹೇಳುವುದಿಲ್ಲವೆಂದು ಈ ಅಕ್ಕ ತಮ್ಮ ಅಪ್ಪನಿಗೆ ಮಾತು ಕೊಟ್ಟದ್ದು ಓದುತ್ತಿದ್ದ ದಿನಗಳಲ್ಲಿ. ಬಸ್ ಡಿಪೋದ ಮೆಕ್ಯಾನಿಕ್ ಆಗಿದ್ದ ಅಪ್ಪನ ಹೃದಯ ಸೋತಿತ್ತು. ಮಲಗಿದರೆ ನೀರಲ್ಲಿ ಮುಳುಗಿದ ಹಾಗಾಗುತ್ತಿತ್ತು. ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ಅಂಗಾತ ಮಲಗಿಸುವಾಗ ಅದನ್ನು ಕೇಳುವವರಿರಲಿಲ್ಲ. "ನೀನಾದ್ರೂ ಯಾರಿಗೂ ಹೀಗೆ ಮಾಡ್ಬೇಡ ಮಗಳೇ" ಎಂದಿದ್ದರಂತೆ. ಅಪ್ಪ ಈಗಿಲ್ಲ.

ಆ ಮಗಳು ಈಗ ಹೃದಯದ ಸ್ಕ್ಯಾನಿಂಗ್ ತಂತ್ರಜ್ಞೆ. ಬೆಳಕು ಹರಿಯುವ ಮುಂಚೆಯೇ ಕೋಣೆಗೆ ಬಂದು, ಎದೆಗೆ ಹಚ್ಚುವ ಜೆಲ್ ಬಾಟಲಿಯನ್ನು ಬಿಸಿನೀರಿನ ಮಗ್ಗಿನಲ್ಲಿ ಇಡುತ್ತಾರೆ. "ಬೆಳಗ್ಗೆ ಬೆಳಗ್ಗೆ ತಣ್ಣಗಿರೋದು ತಾಗಿದ್ರೆ ಯಾರ ಜೀವವಾದ್ರೂ ಝಲ್ ಅನ್ನುತ್ತೆ." ಆಮೇಲೆ ಮಂಚದ ತಲೆಭಾಗವನ್ನು ಕುರ್ಚಿಯ ಹಾಗೆ ಎತ್ತಿ, ದಿಂಬು ಜೋಡಿಸುತ್ತಾರೆ. ರೋಗಿ ಕೂತಿರುತ್ತಾರೆ, ಇವರು ಬಗ್ಗಿರುತ್ತಾರೆ. ಬೆನ್ನುನೋವು ಇವರ ಪಾಲು.

ವಾರ್ಡಿನವರು ಇವರನ್ನು ಕರೆಯುವುದು 'ಕಿಂಡಿ ಅಕ್ಕ' ಎಂದು. ಸೋತ ಹೃದಯದ ಎಡ, ಬಲ ಭಾಗಗಳು ಒಟ್ಟಿಗೆ ಬಡಿಯದಿದ್ದಾಗ ಪೇಸ್‌ಮೇಕರ್ ತಂತಿಗಳು ಅವನ್ನು ಒಂದೇ ತಾಳಕ್ಕೆ ತರುತ್ತವೆ. ಕೆಲವರಲ್ಲಿ ಎಡಭಾಗಕ್ಕೆ ತಂತಿ ಹೋಗಲು ದಾರಿಯೇ ಸಿಗುವುದಿಲ್ಲ. ಅಂಥವರಿಗೆ ಈಗ ಅಕ್ಕಿಕಾಳಿನಷ್ಟು ಪುಟ್ಟದೊಂದು ಸಾಧನವನ್ನು ಹೃದಯದೊಳಗೆ ನೆಡುತ್ತಾರೆ. ಚರ್ಮದಡಿಯ ಪೆಟ್ಟಿಗೆಯೊಂದು ಕಿವಿಗೆ ಕೇಳದ ಶಬ್ದ ಕಳಿಸುತ್ತದೆ. ಕಾಳು ಅದನ್ನೇ ವಿದ್ಯುತ್ತಾಗಿಸಿ ಹೃದಯವನ್ನು ತಟ್ಟುತ್ತದೆ. ತಂತಿಯ ಗೊಡವೆಯಿಲ್ಲ. ಆದರೆ ಆ ಶಬ್ದ ಮೂಳೆಯನ್ನೂ ಗಾಳಿ ತುಂಬಿದ ಶ್ವಾಸಕೋಶವನ್ನೂ ದಾಟಲಾರದು. ಪಕ್ಕೆಲುಬುಗಳ ನಡುವೆ ಅದಕ್ಕೊಂದು ಕಿಂಡಿ ಬೇಕು. ಅದನ್ನು ಹುಡುಕುವುದು ಇವರ ಕೆಲಸ. ಕಿಂಡಿ ಇಲ್ಲವೆಂದರೆ ಕಾಳೂ ಇಲ್ಲ.

ಇವತ್ತು ಬಂದಿರುವ ಟೇಲರ್‌ಗೆ ಕಳೆದ ವಾರ ಅಕ್ಕನೇ ಕಿಂಡಿ ಇಲ್ಲವೆಂದಿದ್ದರು. ಮನಸ್ಸು ಒಪ್ಪದೆ ಮತ್ತೆ ಕರೆಸಿದ್ದಾರೆ. ಟೇಲರ್‌ಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ರಾತ್ರಿಯೆಲ್ಲ ಕುರ್ಚಿಯಲ್ಲೇ. ಹಸುಗೂಸನ್ನು ಹೆಗಲಿಗೆ ಹಾಕಿಕೊಂಡು ಕೂತೇ ಬೆಳಗು ಮಾಡಿದವರಿಗೆ ಅದರ ಸುಸ್ತು ಸ್ವಲ್ಪ ಗೊತ್ತಿರುತ್ತದೆ. ಟೇಲರದು ಎರಡು ವರ್ಷದ ಕತೆ. ಬೇರೆ ಚಿಕಿತ್ಸೆ ಉಳಿದಿಲ್ಲವೆಂದು ಡಾಕ್ಟರ್ ಹೇಳಿಯಾಗಿದೆ.

ಸ್ಕ್ಯಾನಿನ ಹಿಡಿ ಎದೆಗೆ ತಾಗುತ್ತದೆ. ಪರದೆಯ ತುಂಬ ಬೂದು ಮಂಜು. ಶ್ವಾಸಕೋಶ ಅಡ್ಡ ಬಂದಿದೆ. ಒಂದು ಸಂದಿ ಕೆಳಗೆ, ಮತ್ತೊಂದು ಪಕ್ಕಕ್ಕೆ. ಅದೇ ಮಂಜು. ಮೂಲೆಯಲ್ಲಿ ಕೂತ ಟೇಲರ್ ಹೆಂಡತಿ ಸೆರಗಿನ ತುದಿ ಸುತ್ತುತ್ತಲೇ ಇದ್ದಾರೆ.

"ಅಲ್ಲಾ, ಅಳತೆ ಕೊಡೋಕೆ ಬಂದಿದ್ದೀರಾ ನೀವು?" ಎನ್ನುತ್ತಾರೆ ಆಕೆ ಇದ್ದಕ್ಕಿದ್ದಂತೆ ಗಂಡನಿಗೆ.

"ಯಾಕೆ?"

"ಎದೆ ಹೇಗೆ ಉಬ್ಬಿಸಿದ್ದೀರಿ ನೋಡ್ಕೊಳ್ಳಿ. ಟೇಪು ಹಿಡಿದ ತಕ್ಷಣ ಗಿರಾಕಿಗಳು ಪೈಲ್ವಾನರಾಗ್ತಾರೆ ಅಂತ ನಗ್ತಿದ್ರಲ್ಲ."

ಅಕ್ಕನ ಕೈ ನಿಲ್ಲುತ್ತದೆ. ಹಿಡಿ ತಾಗಿದಾಗಲೆಲ್ಲ ಟೇಲರ್ ಮರ್ಯಾದೆಗೆಂಬಂತೆ ನೆಟ್ಟಗಾಗಿ ಉಸಿರು ತುಂಬಿಕೊಳ್ಳುತ್ತಿದ್ದಾರೆ.

"ಅಣ್ಣಾ, ಅಂಗಿ ಹೊಲಿಸಿದ ಮೇಲೆ ಬಿಗಿಯಾಯ್ತು ಅಂತ ಜಗಳಕ್ಕೆ ಬರೋರಿಗೆ ಏನು ಹೇಳ್ತೀರಿ?"

"ಏನು ಹೇಳೋದಮ್ಮಾ... ಅಂಗಿ ಬಿಗಿಯಾಗಿಲ್ಲ, ನಿಮ್ಮನೆ ಊಟ ಚೆನ್ನಾಗಿದೆ ಅಂತೀನಿ." ನಗುತ್ತಾ ಉಸಿರು ಹೊರಬಿಡುತ್ತಾರೆ. ಮಂಜು ಸರಿಯುತ್ತದೆ. ಎರಡು ಪಕ್ಕೆಲುಬುಗಳ ನಡುವೆ, ಹೃದಯದ ಎಡಗೋಡೆ ನಿಚ್ಚಳ.

"ಹಾಗೇ ಇರಿ. ಮಾತಾಡ್ತಾ ಇರಿ." ಅಕ್ಕ ಪೆನ್ನಿನಿಂದ ಚರ್ಮದ ಮೇಲೆ ಗುರುತು ಹಾಕುತ್ತಾರೆ. ಒರಗಿಸಿ ನೋಡುತ್ತಾರೆ, ಮಾಮೂಲಿ ಉಸಿರಾಡಿಸಿ ನೋಡುತ್ತಾರೆ, ಎಬ್ಬಿಸಿ ನಿಲ್ಲಿಸಿಯೂ ನೋಡುತ್ತಾರೆ. ಕಿಂಡಿ ಅಲ್ಲೇ ಇದೆ. ಡಾಕ್ಟರ್ ಬಂದು ಪರದೆ ನೋಡಿ ಆಗಬಹುದೆಂದು ತಲೆಯಾಡಿಸುತ್ತಾರೆ. ಹೆಂಡತಿ ಸೆರಗು ಬಿಟ್ಟು, ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಾರೆ.

ಎಷ್ಟು ಜನರಿಗೆ ಕಿಂಡಿ ಹುಡುಕಿದ್ದೀರಿ ಎಂದು ಯಾರಾದರೂ ಕೇಳಿದರೆ ಅಕ್ಕ ಬಿಡಿ ಎಂಬಂತೆ ಕೈಯಲ್ಲಾಡಿಸುತ್ತಾರೆ. "ಹತ್ತರಲ್ಲಿ ಒಬ್ಬಿಬ್ಬರಿಗೆ ಸಿಗಲ್ಲ. ನೆನಪಿರೋದು ಅವರೇ."

ಕಾಳು ನೆಟ್ಟು ತಿಂಗಳು ಕಳೆದಿದೆ. ಟೇಲರ್ ತಪಾಸಣೆಗೆ ಮೆಟ್ಟಿಲು ಹತ್ತಿಯೇ ಬಂದಿದ್ದಾರೆ. ದಿಂಬು ಜೋಡಿಸಹೊರಟ ಅಕ್ಕನನ್ನು ಅವರೇ ತಡೆಯುತ್ತಾರೆ.

"ಬೇಡಮ್ಮಾ. ಮನೇಲಿ ಈಗ ಅಂಗಾತವೇ ಮಲಗೋದು. ನನ್ನ ಗೊರಕೆ ತಾಳಲಾರದೆ ಇವಳು ಆಚೆ ಕೋಣೆ ಸೇರಿದ್ದಾಳೆ."

"ಸೇರದೆ ಇನ್ನೇನು, ಹೊಲಿಗೆ ಮಿಷನ್ನೇ ವಾಸಿ" ಎನ್ನುತ್ತಾರೆ ಹೆಂಡತಿ.

ಅಕ್ಕ ಮಂಚವನ್ನು ಚಪ್ಪಟೆಯಾಗಿ ಇಳಿಸುತ್ತಾರೆ. "ಹಾಗಾದ್ರೆ ಮಲಗಿ ಅಣ್ಣಾ" ಎನ್ನುತ್ತಾರೆ. ಟೇಲರ್ ಮಲಗುತ್ತಾರೆ. ಉಸಿರು ಕಟ್ಟುವುದಿಲ್ಲ.

ಅಪ್ಪನಿಗೆ ಕೊಟ್ಟ ಮಾತು ಉಳಿದಿದೆ.