ನಾಲ್ಕನೆಯ ವಿದ್ಯಾರ್ಥಿ

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನಾನು ದೊಡ್ಡಬಳ್ಳಾಪುರದ ಹೈಸ್ಕೂಲೊಂದರಲ್ಲಿ ಭೂಗೋಳದ ಮೇಷ್ಟರಾಗಿದ್ದೆ. ವಿಜ್ಞಾನ ಓದಿದವರಿಗೆ ಬೆಂಗಳೂರಿನ ಕಾರ್ಖಾನೆಗಳಲ್ಲಿ ಕೆಲಸ ಸಿಗುತ್ತದೆಂಬ ಸುದ್ದಿ ಹಬ್ಬಿದ್ದೇ ತಡ, ಮೇಲಿನ ತರಗತಿಗಳಲ್ಲಿ ನನ್ನ ವಿಷಯ ಆರಿಸಿಕೊಳ್ಳುವವರು ಕಡಿಮೆಯಾಗುತ್ತ ಬಂದರು. ಆ ಸಲ ಉಳಿದವರು ಮೂವರೇ. ಹೆಡ್‌ಮೇಷ್ಟರು ಕರೆಸಿದರು.

"ನಾಲ್ಕು ಜನಾನಾದ್ರೂ ಇಲ್ದಿದ್ರೆ ಕ್ಲಾಸು ನಡೆಸೋಕಾಗಲ್ಲ ಕಣ್ರೀ. ಸೋಮವಾರದೊಳಗೆ ನೋಡಿ."

ನನಗೆ ಬೇರೆ ಯಾವ ಪಾಠವೂ ಸರಿಯಾಗಿ ಬರುತ್ತಿರಲಿಲ್ಲ. ಭಾನುವಾರ ನಾಚಿಕೆ ಬಿಟ್ಟು ನೇಕಾರರ ಬೀದಿಗೆ ಹೋದೆ. ಹಿಂದಿನ ವರ್ಷ ನನ್ನ ತರಗತಿಯಲ್ಲಿ ಅಚ್ಚುಕಟ್ಟಾಗಿ ನಕ್ಷೆ ಬರೆಯುತ್ತಿದ್ದ ಹುಡುಗನೊಬ್ಬ ವಿಜ್ಞಾನಕ್ಕೆ ಹೆಸರು ಕೊಟ್ಟಿದ್ದ. ಅವನ ತಂದೆ ಮಗ್ಗದಿಂದ ಏಳದೆಯೇ ನನ್ನ ಮಾತು ಕೇಳಿಸಿಕೊಂಡರು.

"ಭೂಗೋಳ ಓದಿದ್ರೆ ಏನ್ ಕೆಲ್ಸ ಸಿಗ್ತದೆ ಸ್ವಾಮಿ?"

ನನಗೆ ಗೊತ್ತಿರಲಿಲ್ಲ. "ಸರ್ವೆ ಇಲಾಖೆಯವರು ನನ್ ಹತ್ರಾನೇ ಹುಡುಗರನ್ನ ಕೇಳ್ತಾರೆ. ಇವನ್ನ ನಾನು ಸೇರಿಸ್ತೀನಿ," ಎಂದುಬಿಟ್ಟೆ. ಆ ಇಲಾಖೆಯ ಒಬ್ಬ ಜವಾನನ ಪರಿಚಯವೂ ನನಗಿರಲಿಲ್ಲ.

ಅವರು ಲಾಳಿ ನಿಲ್ಲಿಸಿ ಮಗನತ್ತ ತಿರುಗಿದರು. "ಮೇಷ್ಟ್ರು ಮನೇಗಂಟ ಬಂದವ್ರೆ. ಅವ್ರು ಹೇಳ್ದಂಗೆ ಮಾಡ್ಲಾ."

ದಸರಾ ಹೊತ್ತಿಗೆ ಉಳಿದ ಮೂವರಲ್ಲಿ ಒಬ್ಬ ಸೈನ್ಯಕ್ಕೆ ಸೇರಿದ. ಇನ್ನೊಬ್ಬ ಓದು ಬಿಟ್ಟು ಸಾಸಲಿನ ತನ್ನ ಮನೆಗೆ ಹೋದ. ರಜೆ ಮುಗಿಯುತ್ತಿದ್ದಂತೆ ತರಗತಿ ಮುಚ್ಚಿದರು. ನೇಕಾರರ ಹುಡುಗನನ್ನು ಸೇರಿಸಿಕೊಳ್ಳಿ ಎಂದು ವಿಜ್ಞಾನದ ಮೇಷ್ಟರಿಗೆ ಕೈಮುಗಿದೆ. ಸೇರಿಸಿಕೊಂಡರು, ಆದರೆ ಅರ್ಧ ವರ್ಷದ ಪಾಠ ಆಗಿಹೋಗಿತ್ತು. ಸಂಜೆ ಸಂಜೆ ಅವನನ್ನು ಕೂರಿಸಿಕೊಂಡು ನಾನೂ ಆ ಪುಸ್ತಕಗಳನ್ನು ಓದಿದೆ. ಒಂದೇ ಪುಟವನ್ನು ಮೂರು ಸಲ ಓದುತ್ತಿದ್ದೆ. ನನಗೇ ತಿಳಿಯದ್ದನ್ನು ಅವನಿಗೆ ಏನೆಂದು ಹೇಳಲಿ? ಅವನು ಮಾತ್ರ "ಇನ್ನೊಂದ್ಸಲ ನೋಡಾಣ ಸಾರ್," ಎನ್ನುತ್ತಿದ್ದ.

ಪರೀಕ್ಷೆಯಲ್ಲಿ ಫೇಲಾದ.

ವಿಷಯ ತಿಳಿದ ಮರುದಿನ ಅವರ ಮನೆಗೆ ಹೋದೆ. ಮಗ ಆಗಲೇ ತಂದೆಯ ಪಕ್ಕದ ಮಗ್ಗದಲ್ಲಿ ಕುಳಿತಿದ್ದ.

"ಫೇಲಾದ್ರೂ ಸರ್ವೆಯವ್ರು ತಗಂತಾರಾ ಸ್ವಾಮಿ?" ತಂದೆ ಎದ್ದು ಬಂದು ಕೇಳಿದರು.

"ಅವ್ರು ಯಾವತ್ತೂ ನನ್ನ ಕೇಳೇ ಇರ್ಲಿಲ್ಲ. ನಾನು ಸುಳ್ಳು ಹೇಳ್ದೆ."

ಅವರು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಒಳಗೆ ಹೋಗಿ ಒಂದು ಲೋಟ ನೀರು ತಂದು ಕೊಟ್ಟರು. ಹುಡುಗ ತಲೆಯೆತ್ತದೆ ಹರಿದ ಎಳೆಗೆ ಗಂಟು ಹಾಕುತ್ತಿದ್ದ.

ಅದೇ ತಿಂಗಳು ನನ್ನನ್ನು ಸೂಲಿಬೆಲೆಗೆ, ಸಣ್ಣ ಮಕ್ಕಳಿಗೆ ಕಾಗುಣಿತ ಕಲಿಸಲು ವರ್ಗ ಮಾಡಿದರು. ಹೊರಡುವ ಮೊದಲು ಅವನಿಗೊಂದು ಮಾತು ಹೇಳಿ ಬರೋಣವೆಂದು ಎರಡು ಸಲ ಆ ಬೀದಿಯ ತುದಿಯವರೆಗೆ ಹೋದೆ. ಎರಡು ಸಲವೂ ಹಿಂತಿರುಗಿದೆ.