ಭಕ್ತರ ನೀರಿಗೆ ಬೆರೆಸದ ಔಷಧ

ಕಾಕಾ ಅವರ ಬೆರಳ ಸಂದಿಗಳಲ್ಲಿ ಸದಾ ಬಿಳಿ ಗೆರೆಗಳಿರುತ್ತಿದ್ದವು. ಹಣೆಗೆ ಹಚ್ಚಿದ ವಿಭೂತಿಯದೋ, ವಳಸಂಗದ ಬೋರಿನ ನೀರಿನ ಸುಣ್ಣದ್ದೋ, ಹೇಳಲಾಗುತ್ತಿರಲಿಲ್ಲ. ಆ ಊರಿಗೆ ಮೊದಲ ಶುದ್ಧ ನೀರಿನ ಪ್ಲಾಂಟ್ ಹಾಕಿದವರು ಅವರು. ಸೈಕಲ್ಲಿನ ಮೇಲೆ ಕ್ಯಾನು ಕಟ್ಟಿಕೊಂಡು ತಿರುಗುತ್ತಿದ್ದ ನನಗೆ ಮೊದಲ ಗಿರಾಕಿಯೂ ಅವರೇ.

ನಾನು ಮಾರುತ್ತಿದ್ದುದು ಆ್ಯಂಟಿಸ್ಕೇಲಂಟ್. ನೀರು ಸೋಸುವ ಪೊರೆಗೆ, ಅಂದರೆ ಮೆಂಬ್ರೇನಿಗೆ, ಸುಣ್ಣ ಕಟ್ಟದಂತೆ ಪಂಪಿನಿಂದ ನೀರಿಗೆ ಹನಿಹನಿಯಾಗಿ ಬಿಡುವ ಔಷಧ. ಕಾಕಾ ಚಹಾ ಕುಡಿಸಿ, "ಹಾಂ, ಈಗ ಖರೇ ರೇಟ್ ಹೇಳಪಾ," ಎನ್ನುತ್ತಿದ್ದರು. ವ್ಯಾಪಾರ ಕಲಿಯಬೇಕೆಂದರೆ ಇಂಥ ಗಿರಾಕಿಯನ್ನೇ ಹುಡುಕಿ. ಹೊಗಳುವವರಿಂದ ಏನೂ ಕಲಿಯಲಾಗದು.

ಗುಡ್ಡಾಪುರದ ದಾನಮ್ಮ ದೇವಿಯ ಯಾತ್ರೆಗೆ ನಡೆದು ಹೋಗುವವರಿಗೆ ಅವರಲ್ಲಿ ನೀರು ಪುಕ್ಕಟೆ. ಒಂದು ಸಲ ಯಾತ್ರೆಯ ಮುಂಚೆ ಹೋದರೆ, ಔಷಧದ ಪಂಪು ಬಂದ್!

"ಯಾಕ್ರಿ ಕಾಕಾ, ಕೆಟ್ಟೈತೇನು?"

"ಕೆಟ್ಟಿಲ್ಲ. ತಾಯಿ ಕಡಿ ಹೊಂಟವರ ನೀರಿಗೆ ಏನೂ ಬೆರಸಬಾರದಪಾ."

"ಔಷಧ ಕುಡಿಯೋ ನೀರಿಗೆ ಬರೂದಿಲ್ರಿ, ಚೆಲ್ಲಿ ಬಿಡೋ ಉಪ್ಪ ನೀರಿನ ಜೋಡಿ ಹೊರಗ ಹೋಗತೈತಿ. ಬಂದ್ ಇಟ್ರ ಮೆಂಬ್ರೇನ್ ಕಟ್ಟತೈತಿ!"

"ನೀ ಮಾರಾವ. ಹಂಗ ಅಂತಿ ತಗೋ," ಎಂದು ನಕ್ಕರು.

ಮಾರುವವನ ಬಾಯಲ್ಲಿ ಸತ್ಯಕ್ಕೂ ಬೆಲೆ ಕಡಿಮೆ. ಕೆಲವು ದಿನ ಬಿಟ್ಟು ನಾನು ಮತ್ತೆ ಹೋದೆ. ನಡಿಗೆಯವರು ಬಂದು ಸಾಲುಗಟ್ಟುವಷ್ಟರಲ್ಲಿ ನಲ್ಲಿಯ ಧಾರೆ ದಾರದಂತಾಯಿತು, ಆಮೇಲೆ ಬರೀ ಹನಿ. "ಯಪ್ಪಾ, ಕೂಸಿಗರೆ ಒಂದ ಗುಟುಕು ಸಿಗತೈತೇನು?" ಎಂದಳು ಒಬ್ಬ ತಾಯಿ. ಕಾಕಾ ಮನೆಯೊಳಗಿನ ಕೊಡವನ್ನೇ ತಂದು ಬಗ್ಗಿಸಿದರು. ಅದೂ ಮುಗಿಯಿತು. ಉಳಿದವರು ಬೋರಿನ ಉಪ್ಪು ನೀರು ಬಾಯಿಗೆ ಹಾಕಿ, ಉಗಿದು ನಡೆದರು. ಕೈಮುಗಿದು ನಿಂತಿದ್ದ ಕಾಕಾ, "ನನ್ನ ಭಕ್ತಿಯೊಳಗ ಏನೋ ಕಡಿಮಿ ಬಿತ್ತು," ಎಂದರು. ಸುಣ್ಣದ ಮಾತು ಎತ್ತದೆ ನಾನು ಸೈಕಲ್ ಹತ್ತಿದೆ.

ಮುಂದಿನ ಯಾತ್ರೆಗೆ ಅವರು ಇರಲಿಲ್ಲ. ಈಗ ಪ್ಲಾಂಟ್ ನೋಡಿಕೊಳ್ಳುವ ಅವರ ಸೊಸೆ ಬಾಗಿಲಲ್ಲೇ ನನ್ನನ್ನು ತಡೆದಳು.

"ಅಣ್ಣಾರ, ಯಾತ್ರಿ ಬಂತಂದ್ರ ಪಂಪ್ ಬಂದ್ ಮಾಡವ್ವಾ ಅಂತ ಮಾವಾರು ಹೇಳೇ ಕಣ್ಣ ಮುಚ್ಚಿದ್ರು. ಏನ ಮಾಡ್ಲಿರಿ?"

"ಚಾಲೂ ಇಡವ್ವಾ," ಎಂದೆ. ಮಾರುವವ ನಾನು; ಹಾಗೆಯೇ ಅನ್ನಬೇಕಲ್ಲ.

ನೀರು ಧಾರಾಳ ಬಂತು. ಸಾಲು ತಂಪಾಗಿ ಮುಂದೆ ಸಾಗಿತು. ಆಕೆ ನನಗೂ ಒಂದು ಗ್ಲಾಸು ಕೊಟ್ಟಳು. ನನ್ನನ್ನು ಮನುಷ್ಯನನ್ನಾಗಿ ಮಾಡಿದವರ ಕೊನೆಯ ಮಾತು ಮುರಿದು ಬಂದ ನೀರು. ಕುಡಿಯಲಾಗದೆ, ಚೆಲ್ಲಲಾಗದೆ ಹಿಡಿದು ನಿಂತೆ.