ದಕ್ಷಿಣದ ಸುಳಿಗೆ ಹೋಗಿಬಂದ ಕಾಟಲಿಂಗಪ್ಪ

ಆದಿವಾಲದ ಕಾಟಲಿಂಗಪ್ಪ ಸಮುದ್ರಕ್ಕೆ ಹೋಗಿದ್ದು ಸಮುದ್ರ ನೋಡುವ ಆಸೆಯಿಂದಲ್ಲ. ಪ್ಲೇಗಿನ ವರ್ಷ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಹೆಂಡತಿ ತಿಪ್ಪಕ್ಕ ತೀರಿಕೊಂಡಳು. ಅವಳ ಹಿಂದೆಯೇ ಇನ್ನೂ ಮಾತು ಕಲಿಯುತ್ತಿದ್ದ ಮಗಳು. ಆಮೇಲೆ ಊರೊಳಗಿನ ಮನೆಗೆ ಹೋಗಲು ಅವನಿಗೆ ಕಾಲು ಬರಲಿಲ್ಲ. ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟೆ ಕಟ್ಟುತ್ತಿದ್ದ ಕಾಲ ಅದು. ಅಲ್ಲಿ ಕೂಲಿಗೆ ಸೇರಿದ. ಕಲ್ಲು ಹೊರುವವರ ಗದ್ದಲ ಸೇರದೆ, ತೆಪ್ಪದ ಮೇಲೆ ನಿಂತು ಹಗ್ಗಕ್ಕೆ ಗುಂಡು ಕಟ್ಟಿ ನೀರಿನ ಆಳ ನೋಡುವ ಕೆಲಸವನ್ನು ಕೇಳಿ ಪಡೆದ. ಆ ಕೆಲಸದಲ್ಲಿ ಯಾರೊಂದಿಗೂ ಮಾತಾಡಬೇಕಾಗಿರಲಿಲ್ಲ.

ಕಟ್ಟೆ ನೋಡಲು ಬಂದ ದೊರೆಗಳಲ್ಲಿ ಪೆಂಡರ್ ಎಂಬವನಿದ್ದ. ಸಮುದ್ರದೊಳಗೆ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಪತ್ತೆಮಾಡುವುದೇ ಅವನ ಉದ್ಯೋಗ. ದಕ್ಷಿಣದ ಕಡಲಿಗೆ ಹೊರಡಲಿದ್ದ ಅವನ ಹಡಗಿಗೆ ಹಗ್ಗದ ಕೆಲಸ ಬಲ್ಲ ಆಳು ಬೇಕಾಗಿತ್ತು. ಕಾಟಲಿಂಗಪ್ಪನಿಗೆ ಮೇಸ್ತ್ರಿಗಳಿಂದ ಕಲಿತ ಉರ್ದು ಅಷ್ಟಿಷ್ಟು ಬರುತ್ತಿತ್ತು. ಬರುತ್ತೀಯಾ ಎಂದು ಕೇಳಿದ್ದಕ್ಕೆ ಹೂಂ ಅಂದ.

ಅಕ್ಕ ಯಲ್ಲಕ್ಕ ಮಾತ್ರ ಜಗಳಕ್ಕೆ ನಿಂತಳು. "ಲೇ, ನೀರು ಇಲ್ಲೂ ಐತಲ್ಲೋ. ಅಷ್ಟು ದೂರ ಹೋಗಿ ನೋಡಂಥ ನೀರು ಎಂಥದ್ದೋ ಅದು?"

"ಗೊತ್ತಿಲ್ಲ ಕಣಕ್ಕ. ಹೋಗ್ಬರ್ತೀನಿ."

"ಹೋಗೋನ ಮುಖ ನೋಡಿದ್ರೆ ಬರೋ ಹಂಗೆ ಕಾಣಲ್ಲ," ಎಂದು ಅವಳು ಹೊಸ ಕಂಬಳಿಯೊಂದನ್ನು ಅವನ ಹೆಗಲಿಗೆ ಹಾಕಿ ಒಳಗೆ ಹೋಗಿಬಿಟ್ಟಳು.

ಮುಂಬಯಿಯಿಂದ ಹೊರಟ ಹಡಗಿನಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ. ಮಾಂಸಕ್ಕೆಂದು ಕಟ್ಟಿಕೊಂಡಿದ್ದ ಕುರಿಗಳ ಹತ್ತಿರ ಅವನು ಕನ್ನಡ ಆಡುತ್ತಿದ್ದ. ಒಂದೊಂದಾಗಿ ಕುರಿಗಳೂ ಮುಗಿದವು. ಜೊತೆಯ ಆಳು ಮೊಯ್ದು, ಕಣ್ಣೂರಿನ ಕಡೆಯ ಖಲಾಸಿ. ಇಬ್ಬರೂ ಸೇರಿ ಆಳಕ್ಕೆ ತಂತಿ ಇಳಿಸುತ್ತಿದ್ದರು. ತಂತಿಯ ತುದಿಯಲ್ಲಿ ಬಿಸಿ ಅಳೆಯುವ ಗಾಜಿನ ಕೊಳವೆ. ಮೇಲೆಳೆದಾಗ ಪೆಂಡರ್ ಅದನ್ನು ಕಣ್ಣಿಗೆ ಹಿಡಿದು ಓದುತ್ತಿದ್ದ.

ವಾರಗಟ್ಟಲೆ ದಕ್ಷಿಣಕ್ಕೆ ಹೋದ ಮೇಲೆ ಒಂದು ಬೆಳಿಗ್ಗೆ ನೀಲಿಯಿದ್ದ ಕಡಲು ಮಧ್ಯಾಹ್ನದೊಳಗೆ ಹಸಿರಾಯಿತು. ಚಳಿಗೆ ಬಾಯಿಂದ ಹೊಗೆ ಬರತೊಡಗಿತು. ಅಲ್ಲಿಯವರೆಗೆ ಎಲ್ಲೂ ಕಾಣದ ಹಕ್ಕಿಗಳು ಅಲ್ಲಿ ಗುಂಪುಗೂಡಿದ್ದವು. ಪೆಂಡರ್ ಸಂಭ್ರಮದಿಂದ ಡೆಕ್ಕಿನ ಮೇಲೆ ಓಡಾಡಿದ. ಆಫ್ರಿಕದ ಕಡೆಯಿಂದ ಬಂದ ಬೆಚ್ಚನೆಯ ಹರಿವೂ ಹಿಮದ ಕಡೆಯಿಂದ ಬಂದ ತಣ್ಣನೆಯ ಹರಿವೂ ಇಲ್ಲಿ ಎದುರಾಗುತ್ತವೆ, ಬೇಗ ಬೆರೆಯುವುದಿಲ್ಲ, ಒಂದಕ್ಕೊಂದು ಉಜ್ಜಿ ಸುಳಿಗಳಾಗಿ ಒಡೆಯುತ್ತವೆ ಎಂದು ಅರ್ಧ ಉರ್ದುವಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದ. ಹಿರಿಯೂರಿನಿಂದ ಹೊಸದುರ್ಗದವರೆಗೆ ಹರಡುವಷ್ಟು ದೊಡ್ಡ ಸುಳಿ. ಒಳಗಿದ್ದವನಿಗೆ ಅದು ತಿರುಗುವುದು ಗೊತ್ತೇ ಆಗುವುದಿಲ್ಲ. ಅದಕ್ಕಾಗಿ ಬಾವುಟ ನೆಟ್ಟ ಪೀಪಾಯಿಗಳನ್ನು ತೇಲಿಬಿಟ್ಟು, ಅವು ಹೋದಲ್ಲಿಗೆ ಹಡಗನ್ನು ನಡೆಸಿದರು. ಒಂದು ಪೀಪಾಯಿ ದೊಡ್ಡ ಸುತ್ತು ಹಾಕಿ, ಬಿಟ್ಟ ಜಾಗಕ್ಕೇ ಬಂತು.

ಅದನ್ನು ಎತ್ತಿ ತರಲು ಕಾಟಲಿಂಗಪ್ಪನನ್ನೂ ಮೊಯ್ದುವನ್ನೂ ಚಿಕ್ಕ ದೋಣಿಯಲ್ಲಿ ಕಳಿಸಿದರು. ಪೀಪಾಯಿಗೆ ಹಗ್ಗ ಬಿಗಿಯುವಷ್ಟರಲ್ಲಿ ಮಂಜು ಕವಿಯಿತು. ಹಡಗಿನ ಗಂಟೆ ಮೊದಲು ಎಡಕ್ಕೆ ಕೇಳಿಸಿತು, ಆಮೇಲೆ ಹಿಂದಕ್ಕೆ, ಆಮೇಲೆ ಎಲ್ಲೂ ಇಲ್ಲ.

ದೋಣಿಯಲ್ಲಿ ಒಣ ಬಿಸ್ಕತ್ತು, ಒಂದು ಸಣ್ಣ ಪೀಪಾಯಿ ಕುಡಿಯುವ ನೀರು ಇದ್ದವು. ಮೊಯ್ದುವಿಗೆ ಮೊದಲೇ ಎದೆಕೆಮ್ಮು. ಎರಡನೆಯ ದಿನ ಅವನಿಗೆ ಹುಟ್ಟು ಹಾಕಲಾಗಲಿಲ್ಲ. ಕಂಬಳಿಯನ್ನು ಇಬ್ಬರೂ ಹೊದ್ದು ಕೂತರು. ಮೊಯ್ದು ತನ್ನ ಮಾತಿನಲ್ಲಿ ಏನೇನೋ ಹೇಳಿದ. 'ಉಮ್ಮ' ಅಂದರೆ ಅವ್ವ ಎಂಬುದೊಂದು ಕಾಟಲಿಂಗಪ್ಪನಿಗೆ ತಿಳಿಯಿತು. ಅವನು ನಿಲ್ಲಿಸಿದಾಗ ಇವನು ಕನ್ನಡದಲ್ಲಿ ತಿಪ್ಪಕ್ಕನ ಕಥೆ ಹೇಳಿದ. ಗುಡಿಸಲಲ್ಲಿ ಅವಳು ನೀರು ಕೇಳಿದ್ದು, ತಾನು ಹಳ್ಳಕ್ಕೆ ಹೋಗಿ ತರುವಷ್ಟರಲ್ಲಿ ಅವಳು ಹೋಗಿಬಿಟ್ಟಿದ್ದು. ಯಲ್ಲಕ್ಕನ ಎದುರೂ ಅದನ್ನು ಬಾಯಿಬಿಟ್ಟಿರಲಿಲ್ಲ. ಮೊಯ್ದುವಿಗೆ ಒಂದಕ್ಷರವೂ ಅರ್ಥವಾಗಿರಲಾರದು, ಆದರೂ ಹೂಂಗುಟ್ಟುತ್ತ ಕೇಳಿಸಿಕೊಂಡ.

ಮಾರನೆಯ ಬೆಳಿಗ್ಗೆ ಹೂಂಗುಟ್ಟುವವನಿರಲಿಲ್ಲ.

ಆಮೇಲಿನದೆಲ್ಲ ಬರೀ ಬಿಳಿ. ಹುಟ್ಟು ಹಾಕುವುದನ್ನು ಬಿಟ್ಟ. ಮೊಯ್ದುವಿನ ಮುಖದ ಮೇಲೆ ಕಂಬಳಿ ಎಳೆದು, ಅಭ್ಯಾಸಬಲದಿಂದಲೋ ಏನೋ, ಒಂದು ಕೈಯನ್ನು ನೀರಿಗೆ ಬಿಟ್ಟು ಕೂತ. ನೀರು ಒಮ್ಮೆ ಕೊರೆಯಿತು, ಒಮ್ಮೆ ಹದವಾಯಿತು, ಮತ್ತೆ ಕೊರೆಯಿತು. ಕೊನೆಗೆ ಮಂಜು ಹರಿದಾಗ ಹಡಗು ಎದುರಿಗೇ ನಿಂತಿತ್ತು.

ದೋಣಿಯ ಬೆನ್ನು ಹತ್ತಬೇಕೆಂದು ಕಪ್ತಾನ ಹಟ ಹಿಡಿದಿದ್ದನಂತೆ. ಮಂಜಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಪೀಪಾಯಿ ಸುತ್ತಿದ ದಾರಿಯಲ್ಲೇ ದೋಣಿಯೂ ಸುತ್ತುತ್ತದೆ, ಮುಂದೆ ಹೋಗಿ ಕಾಯೋಣ ಎಂದು ತಡೆದವನು ಪೆಂಡರ್. ಅವನ ಎಣಿಕೆ ತಪ್ಪಲಿಲ್ಲ. ಖಲಾಸಿಗಳು ನಮಾಜು ಮಾಡಿ ಮೊಯ್ದುವನ್ನು ಕಡಲಿಗೆ ಬಿಟ್ಟರು. ಆ ಸಂಜೆ ಪೆಂಡರ್ ಕಾಟಲಿಂಗಪ್ಪನ ಕೈಗೆ ಬಿಸಿ ಚಹಾ ಕೊಟ್ಟು, ದೊಡ್ಡ ಕಾಗದ ಹರಡಿ, ಅದರ ಮೇಲಿನ ದುಂಡು ಗೆರೆಯನ್ನು ತೋರಿಸಿದ.

"ನೀವು ಬಂದ ದಾರಿ ಇದು. ನೀರು ತಣ್ಣಗಾದದ್ದು ಯಾವಾಗ?"

ಕಾಟಲಿಂಗಪ್ಪ ನೆನಪಿದ್ದಷ್ಟು ಹೇಳಿದ. ಹೇಳಿ, "ಇದರಲ್ಲಿ ಮೊಯ್ದು ಹೋದ ಜಾಗ ಎಲ್ಲಿ?" ಎಂದು ಕೇಳಿದ.

ಪೆಂಡರ್ ಗುರುತು ಮಾಡು ಎಂಬಂತೆ ಪೆನ್ಸಿಲನ್ನು ಇವನ ಮುಂದಿಟ್ಟ. ಕಾಟಲಿಂಗಪ್ಪ ಅದನ್ನು ಮುಟ್ಟಲಿಲ್ಲ. ತನ್ನ ಜೀವ ಉಳಿಸಿದವನು ಇವನೇ ಎಂಬುದು ಅವನಿಗೆ ಗೊತ್ತಿತ್ತು; ನೀರು ತಣ್ಣಗಾದ ಪ್ರಶ್ನೆಯನ್ನು ಅವನು ನಾಳೆ ಕೇಳಬಹುದಿತ್ತು ಎಂಬುದೂ ಮನಸ್ಸಿನಿಂದ ಹೋಗಲಿಲ್ಲ. ಮಾರನೆಯ ದಿನ ಎಂದಿನಂತೆ ತಂತಿ ಇಳಿಸಿದ.

ಮುಂಬಯಿಗೆ ಮರಳಿದ ಮೇಲೆ ಅವನು ಊರಿಗೆ ಹೋಗಲಿಲ್ಲ. ಖಲಾಸಿಗಳ ಯಜಮಾನನಿಂದ ಮೊಯ್ದುವಿನ ಊರು ಕೇಳಿಕೊಂಡು, ಕರಾವಳಿಯ ದೋಣಿ ಹತ್ತಿ ಅಲ್ಲಿಗೆ ಹೋದ. ಮಗ ಸತ್ತ ಸುದ್ದಿ ತಾಯಿಗೆ ಆಗಲೇ ಮುಟ್ಟಿತ್ತು. ಹೇಗೆ ಎಂದು ಅವಳು ಕೈಸನ್ನೆಯಲ್ಲಿ ಕೇಳಿದಳು. ಇವನು ಎದೆ ಮುಟ್ಟಿಕೊಂಡು ಕೆಮ್ಮಿ ತೋರಿಸಿದ. ಆಮೇಲೆ ತನ್ನ ಕಂಬಳಿಯನ್ನು ಬಿಚ್ಚಿ, ಹೊದೆಸಿದ್ದೆ ಎಂದು ತೋರಿಸಿದ. ಮುದುಕಿ ಆ ಕಂಬಳಿಯ ಅಂಚನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಎದ್ದು ಹೋಗಿ ಅನ್ನಕ್ಕಿಟ್ಟಳು. ಕಂಬಳಿಯನ್ನು ಅವನು ಅಲ್ಲೇ ಬಿಟ್ಟು ಬಂದ.

ಆದಿವಾಲದಲ್ಲಿ ಕೆಲವು ದಿನ ಜನ ಮುತ್ತಿಕೊಂಡರು. "ಮಾರಿಕಣಿವೆಗಿಂತ ದೊಡ್ಡದೇನಪ್ಪ ಸಮುದ್ರ?" ಎಂದು ಕೇಳಿದವರೇ ಹೆಚ್ಚು. ಹೌದು ಎಂದರೆ ನಕ್ಕರು. ಕಡಲೊಳಗೆ ಹೊಳೆ ಹರಿಯುತ್ತದೆ ಎಂದಾಗ ಒಬ್ಬೊಬ್ಬರೇ ಎದ್ದು ಹೋದರು. ಕಟ್ಟೆ ಮುಗಿದು ಕಣಿವೆ ತುಂಬಿದ ಮೇಲೆ ಅಲ್ಲಿ ದೋಣಿ ನಡೆಸುವ ಕೆಲಸ ಸಿಕ್ಕಿತು. ಇನ್ನೊಂದು ಮದುವೆಯ ಮಾತೆತ್ತಿದರೆ ಮಾತು ಮರೆಸುತ್ತಿದ್ದ.

ಒಮ್ಮೆ ಯಲ್ಲಕ್ಕ ಮೊರದಲ್ಲಿ ಔಡಲದ ಹರಳು ಬಿಡಿಸುತ್ತ ಕೇಳಿದಳು. "ಆ ಮಂಜಿನಾಗೆ ಒಬ್ನೇ ಕುಂತಿದ್ದಾಗ ಏನನ್ನಿಸ್ತೋ?"

"ಊರಿಗೆ ಬಂದ್ಮೇಲೆ ಒಬ್ನೇ ಅಂತ ಅನ್ನಿಸಿದಷ್ಟು ಅಲ್ಲಿ ಅನ್ನಿಸಲಿಲ್ಲ ಕಣಕ್ಕ."

ಅವಳು ಮೊರವನ್ನು ಸ್ವಲ್ಪ ಅವನ ಕಡೆ ಸರಿಸಿದಳು. ಅವನೂ ಬಿಡಿಸುತ್ತ ಕೂತ.